ಮನೆಯ ಧೈರ್ಯವೂ ಒಂದು ಕಾಯಕ

(ತುರುವೇಕೆರೆ ತಾಲ್ಲೂಕಿನ ಗ್ರಾಮವೊಂದರಲ್ಲಿ ನಡೆದ ಮಾಸಿಕ ಶಿವಾನುಭವಗೋಷ್ಠಿಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನದ ಬರಹರೂಪ)



ಇಂದಿನ ಗೋಷ್ಠಿಗೆ ವಿಷಯ ಯಾವುದೆಂದು ಈ ಊರಿನ ಹಿರಿಯರನ್ನು ಕೇಳಿದೆವು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬರು ದನಿ ತಗ್ಗಿಸಿ, "ಬುದ್ಧಿ, ನಮ್ಮೂರಲ್ಲಿ ಈಚೆಗೆ ಮೂರು ಮನೆಗೆ ಆ ಕಾಯಿಲೆ ಬಂದೈತೆ. ಮನೇರೆಲ್ಲ ಕುಸಿದುಹೋಗವ್ರೆ. ಅವರಿಗೊಂದಿಷ್ಟು ಧೈರ್ಯ ಬರೋ ಹಂಗೆ ಅಪ್ಪಣೆಯಾಗಬೇಕು" ಎಂದರು. ಆ ಕಾಯಿಲೆ ಎಂದರೆ ಯಾವುದಪ್ಪ ಎಂದರೆ ಹೆಸರು ಹೇಳಲು ಅವರಿಗೆ ಬಾಯಿ ಬರಲೊಲ್ಲದು. ಹೆಸರು ಹೇಳಿದರೆ ಎಲ್ಲಿ ತಮ್ಮ ಮನೆಗೂ ಬಂದುಬಿಡುತ್ತದೋ ಎಂಬ ಅಂಜಿಕೆ!

ನಾವು ಹೇಳುತ್ತೇವೆ. ಅದರ ಹೆಸರು ಕ್ಯಾನ್ಸರ್. ಹೆಸರು ಹೇಳಿದ್ದರಿಂದ ಯಾರಿಗೂ ಅದು ಬರುವುದಿಲ್ಲ. ಹೆಸರು ಮುಚ್ಚಿಟ್ಟಿದ್ದರಿಂದ ಯಾರನ್ನೂ ಬಿಟ್ಟುಹೋಗುವುದೂ ಇಲ್ಲ. ಹೆಸರನ್ನೇ ಹೇಳಲು ಅಂಜುವ ಮನೆ ಮದ್ದನ್ನು ಹುಡುಕುವುದು ಯಾವಾಗ? ಆದಕಾರಣ ಈ ಹೊತ್ತು ಆ ಕಾಯಿಲೆಯನ್ನು ಅದರ ಹೆಸರಿನಿಂದಲೇ ಕರೆದು, ಮನೆಯ ಯಜಮಾನನಿಗೆ ಅದು ಬಂದಾಗ ಮನೆಯವರು ಹೇಗಿರಬೇಕು ಎಂಬುದನ್ನು ನಾಲ್ಕು ಮಾತಿನಲ್ಲಿ ವಿಚಾರ ಮಾಡೋಣ.

ತಂದೆಗೆ ಕ್ಯಾನ್ಸರ್ ಎಂದು ತಿಳಿದ ದಿನ ಆ ಮನೆಯಲ್ಲಿ ಒಲೆ ಉರಿದರೂ ಊಟ ಇಳಿಯುವುದಿಲ್ಲ. ಮೂರು ಭಯಗಳು ಒಟ್ಟಿಗೆ ಹೊಸಿಲು ದಾಟಿ ಒಳಗೆ ಬರುತ್ತವೆ. ಒಂದು, ಇದು ಯಾವ ಪಾಪದ ಫಲವೋ ಎಂಬ ಭಯ. ಎರಡು, ಇದು ನಮಗೂ ಅಂಟುತ್ತದೋ ಎಂಬ ಭಯ. ಮೂರು, ತೋಟ ಮಾರಬೇಕಾಗುತ್ತದೋ ಎಂಬ ಭಯ. ಕಾಯಿಲೆಯು ಒಬ್ಬನ ದೇಹವನ್ನು ಹಿಡಿದರೆ ಈ ಮೂರು ಭಯಗಳು ಇಡೀ ಮನೆಯನ್ನೇ ಹಿಡಿಯುತ್ತವೆ. ಇವನ್ನು ಮೊದಲು ಹೊರಗೆ ಹಾಕಬೇಕು.

ಪಾಪದ ಮಾತು ಮೊದಲು ತೆಗೆದುಕೊಳ್ಳೋಣ. ಕಲ್ಕತ್ತೆಯ ಶ್ರೀರಾಮಕೃಷ್ಣ ಪರಮಹಂಸರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಒಂದು ತುತ್ತು ಅನ್ನ ನುಂಗಲು ಕಷ್ಟಪಟ್ಟು, 1886ರ ಆಗಸ್ಟ್ 16ರಂದು ದೇಹ ಬಿಟ್ಟರು. ತಿರುವಣ್ಣಾಮಲೆಯ ರಮಣ ಮಹರ್ಷಿಗಳ ಎಡತೋಳಿನಲ್ಲಿ ಗಂಟು ಎದ್ದಿತು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರೂ ಅದು ಮರುಕಳಿಸಿತು. 1950ರ ಏಪ್ರಿಲ್ 14ರಂದು ಅವರೂ ದೇಹ ಬಿಟ್ಟರು. ಇವರು ಯಾವ ಪಾಪ ಮಾಡಿದ್ದರು? ದೇಹವೆಂದ ಮೇಲೆ ಅದಕ್ಕೆ ರೋಗದ ಹಾದಿ ತೆರೆದೇ ಇದೆ. ಮಹಾತ್ಮರ ದೇಹಕ್ಕೂ ಅದು ತಪ್ಪಿದ್ದಲ್ಲ.

ನೀವೆಲ್ಲ ತೆಂಗಿನ ಸೀಮೆಯವರು. ನಿಮ್ಮ ತೋಟದಲ್ಲೊಂದು ಮರಕ್ಕೆ ಕಾಂಡ ಸೋರುವ ರೋಗ ಬರುತ್ತದೆ. ಬೊಡ್ಡೆಯಲ್ಲಿ ಸೀಳುಬಿಟ್ಟು ಕೆಂಪು ಕಂದು ರಸ ಇಳಿಯುತ್ತದೆ. ಆಗ ನೀವು ಏನು ಮಾಡುತ್ತೀರಿ? ಈ ಮರ ಹಿಂದಿನ ಜನ್ಮದಲ್ಲಿ ಏನು ಮಾಡಿತ್ತೋ ಎಂದು ಯಾರನ್ನಾದರೂ ಕೇಳಲು ಹೋಗುತ್ತೀರೇನು? ಇಲ್ಲ. ಉಳಿ ತೆಗೆದುಕೊಂಡು ಕೊಳೆತ ಭಾಗವನ್ನು ಹಸನಾದ ಭಾಗ ಕಾಣುವವರೆಗೆ ಕೆತ್ತಿ ತೆಗೆಯುತ್ತೀರಿ. ಅಲ್ಲಿಗೆ ಬೋರ್ಡೋ ಮುಲಾಮು ಹಚ್ಚುತ್ತೀರಿ. ಬುಡಕ್ಕೆ ನೀರು ಗೊಬ್ಬರ ನೋಡಿಕೊಳ್ಳುತ್ತೀರಿ. ಮರಕ್ಕೆ ತೋರುವ ಈ ವಿವೇಕವನ್ನು ಹೆತ್ತ ತಂದೆಗೆ ತೋರಬಾರದೆ? ವೈದ್ಯರು ಮಾಡುವ ಆಪರೇಷನ್ನೂ ಆ ಉಳಿಯ ಕೆಲಸವೇ ಅಲ್ಲವೆ?

ಇನ್ನು ಅಂಟುವ ಮಾತು. ಕೆಲವು ಮನೆಗಳಲ್ಲಿ ನಾವೇ ಕಣ್ಣಾರೆ ಕಂಡಿದ್ದೇವೆ. ಕಾಯಿಲೆಯಾದ ತಂದೆಗೆ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಪಡಸಾಲೆಯ ಮೂಲೆಗೆ. ಮೊಮ್ಮಗು ತಾತನ ತೊಡೆಯೇರಲು ಹೋದರೆ ಸೊಸೆ ಓಡಿಬಂದು ಎತ್ತಿಕೊಳ್ಳುತ್ತಾಳೆ. ನಲವತ್ತು ವರ್ಷ ಆ ಮನೆಗೆ ಅನ್ನ ಹಾಕಿದವನು ತನ್ನ ಮನೆಯಲ್ಲೇ ಪರಕೀಯನಾಗಿ ಕೂರುತ್ತಾನೆ. ಬಂಧುಗಳೇ, ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ, ಪಕ್ಕದಲ್ಲಿ ಮಲಗಿದರೂ ಬರುವುದಿಲ್ಲ. ಬಸವಾದಿ ಶರಣರು ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಕಿತ್ತು ಎಸೆದರು. ಲಿಂಗವಂತನ ಮನೆಯಲ್ಲಿ ನೀವು ಕಾಯಿಲೆಯ ಸೂತಕವೆಂಬ ಆರನೆಯದೊಂದನ್ನು ಹುಟ್ಟಿಸಿದರೆ ಶರಣರು ಮೆಚ್ಚುವರೆ?

ಒಂದು ಎಚ್ಚರಿಕೆ ಮಾತ್ರ ಬೇಕು. ಅದು ಈ ಭಯಕ್ಕೆ ನೇರ ತಿರುಗುಮುರುಗಾದದ್ದು. ಕ್ಯಾನ್ಸರಿನ ಔಷಧಿಯನ್ನು ರಕ್ತನಾಳಕ್ಕೆ ಬಿಡುವಾಗ, ಅದನ್ನು ಕೀಮೋ ಎನ್ನುತ್ತಾರೆ, ರೋಗಿಯ ದೇಹದಲ್ಲಿ ಸೋಂಕನ್ನು ತಡೆಯುವ ಶಕ್ತಿ ತಗ್ಗುತ್ತದೆ. ನಿಮಗೆ ನೆಗಡಿ, ಕೆಮ್ಮು, ಜ್ವರ ಇದ್ದರೆ ನಿಮ್ಮಿಂದ ಅವರಿಗೆ ಅಪಾಯ. ಆಗ ಕೈ ತೊಳೆದುಕೊಳ್ಳಿ, ನೆಗಡಿಯವರು ದೂರವಿರಿ. ಕಾಪಾಡಬೇಕಾದದ್ದು ರೋಗಿಯನ್ನು.

ಮೂರನೆಯದು ಹಣದ ಭಯ. ಇದು ಸುಳ್ಳು ಭಯವಲ್ಲ. ಆದರೆ ಅನೇಕರು ವಿಚಾರಿಸುವ ಮೊದಲೇ ತೋಟದ ಪತ್ರ ಹಿಡಿದು ಸಾಲಕ್ಕೆ ಓಡುತ್ತಾರೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ನೀವು ಕಿದ್ವಾಯಿ ಆಸ್ಪತ್ರೆ ಎನ್ನುತ್ತೀರಲ್ಲ ಅದು, 1973ರಲ್ಲಿ ಆರಂಭವಾದದ್ದು. ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. 1980ರಿಂದ ಅದು ಸ್ವಾಯತ್ತ ಸಂಸ್ಥೆ. ನಮ್ಮ ಮೂರು ತಾಲ್ಲೂಕುಗಳಿಂದ ಎಷ್ಟೋ ಬಡವರು ಅಲ್ಲಿಗೆ ಹೋಗಿ ಚಿಕಿತ್ಸೆ ಪಡೆದಿದ್ದಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ. ಕೇಳದೆ ತೋಟ ಕಳೆದುಕೊಳ್ಳುವುದರಲ್ಲಿ ಯಾವ ಮಾನವೂ ಇಲ್ಲ.

ಈಗ ಧೈರ್ಯದ ಮಾತಿಗೆ ಬರೋಣ. ಧೈರ್ಯವೆಂದರೆ ಏನು? ರೋಗಿಯ ಮಂಚದ ಹತ್ತಿರ ನಿಂತು, "ಧೈರ್ಯವಾಗಿರಿ, ಧೈರ್ಯವಾಗಿರಿ" ಎಂದು ಹತ್ತು ಸಲ ಹೇಳುವುದೆ? ಹಾಗಾದರೆ ಅದು ಬಹಳ ಅಗ್ಗದ ವಸ್ತುವಾಯಿತು. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಹೆಸರು ಬೇಡ. ಮಠದ ಹಳೆಯ ಭಕ್ತರು.

ಆ ಯಜಮಾನರಿಗೆ ಅರವತ್ತರ ಹತ್ತಿರ ವಯಸ್ಸು. ನೂರೈವತ್ತು ತೆಂಗಿನ ಮರ, ನಡುವೆ ಅಡಿಕೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಅವರ ದವಡೆಯಲ್ಲಿ ಸದಾ ಇರಬೇಕು. ರಾತ್ರಿ ಮಲಗುವಾಗಲೂ ಒತ್ತರಿಸಿಕೊಂಡೇ ಮಲಗುವವರು. ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ಹಲ್ಲು ತಗುಲಿರಬೇಕು ಎಂದರು. ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ಮೂರು ತಿಂಗಳು ಕಳೆಯಿತು. ಮುದ್ದೆಯ ತುತ್ತಿಗೆ ಬಾಯಿ ತೆರೆಯದಂತಾದಾಗ ತಿಪಟೂರಿನ ವೈದ್ಯರಿಗೆ ತೋರಿಸಿದರು. ಅವರು ಬೆಂಗಳೂರಿಗೆ ಬರೆದುಕೊಟ್ಟರು. ಕಿದ್ವಾಯಿಯಲ್ಲಿ ಹುಣ್ಣಿನ ಒಂದು ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು.

ಹಿರಿಯ ಮಗ ಮನೆಯವರನ್ನೆಲ್ಲ ಕೂಡಿಸಿ, ಅಪ್ಪಾಜಿಗೆ ಯಾರೂ ಬಾಯಿ ಬಿಡಬಾರದು, ಎಲ್ಲರೂ ನಗುನಗುತ್ತ ಇರಬೇಕು ಎಂದು ತಾಕೀತು ಮಾಡಿದ. ನಾಲ್ಕು ದಿನ ಆ ಮನೆಯಲ್ಲಿ ನಾಟಕ ನಡೆಯಿತು. ಐದನೆಯ ದಿನ ಯಜಮಾನರೇ ಹೆಂಡತಿಯನ್ನು ಕರೆದು, "ಅಲ್ಲ ಕಣೇ, ಮೊನ್ನೆಯಿಂದ ಈ ಮನೇಲಿ ಯಾರೂ ಜಗಳಾನೇ ಆಡ್ತಿಲ್ಲ. ಅತ್ತೆ ಸೊಸೆ ಒಂದೇ ಮಾತಾಗಿದ್ದೀರಿ. ಇಷ್ಟೊಂದು ಒಳ್ಳೇರಾಗಿದ್ದೀರಿ ಅಂದ್ರೆ ನನ್ನ ಕಾಯಿಲೆ ದೊಡ್ಡದೇ ಇರಬೇಕು. ಏನದು ಹೇಳು" ಎಂದರು. ಆ ತಾಯಿ ಅತ್ತುಬಿಟ್ಟರು. ಅತ್ತು, ಹೇಳಿದರು. ಆ ರಾತ್ರಿಯೇ ಆ ಮನೆಯವರು ಎಲ್ಲರೂ ಒಟ್ಟಿಗೆ ಕೂತು ಹೊಟ್ಟೆತುಂಬ ಉಂಡರಂತೆ.

ನೋಡಿ, ಸುಳ್ಳು ನಗೆಯಿಂದ ರೋಗಿಗೆ ಧೈರ್ಯ ಬರುವುದಿಲ್ಲ. ಅವನು ಒಬ್ಬಂಟಿಯಾಗುತ್ತಾನೆ, ಅಷ್ಟೆ. ಅವನಿಗೆ ಒಳಗೆ ತಿಳಿದೇ ಇರುತ್ತದೆ. ನೀವು ಮರೆಮಾಚಿದರೆ ಅವನೂ ನಿಮ್ಮ ಸಲುವಾಗಿ ತಿಳಿಯದವನಂತೆ ನಟಿಸಬೇಕಾಗುತ್ತದೆ. ಕಾಯಿಲೆಯ ಭಾರದ ಮೇಲೆ ನಾಟಕದ ಭಾರ ಬೇರೆ ಏಕೆ? ವೈದ್ಯರು ಹೇಳಿದ್ದನ್ನು ಅವನು ಕೇಳಿದಷ್ಟು, ಅವನು ತಾಳುವಷ್ಟು, ಮೆಲ್ಲಗೆ ಹೇಳಿ. ಸತ್ಯದ ಮೇಲೆ ನಿಂತ ಧೈರ್ಯ ಮಾತ್ರ ನಿಲ್ಲುತ್ತದೆ.

ಅವರಿಗೆ ಆಪರೇಷನ್ ಆಯಿತು. ಆಮೇಲೆ ಆರು ವಾರ ರೇಡಿಯೇಷನ್ ಕೊಡಬೇಕು ಎಂದರು. ವಾರಕ್ಕೆ ಐದು ದಿನ, ಒಟ್ಟು ಮೂವತ್ತು ಸಲ. ಇಲ್ಲಿ ಒಂದು ದೊಡ್ಡ ತೊಡಕು ಎದುರಾಯಿತು. ಕೆನ್ನೆಗೂ ಕೊರಳಿಗೂ ಕಿರಣ ಬಿಡಬೇಕು. ಮುಖ ಅಲುಗದಂತೆ ಅಳತೆಗೆ ಸರಿಯಾಗಿ ಒಂದು ಮುಖವಾಡ ಮಾಡಿ ಬಿಗಿಯುತ್ತಾರೆ. ಆದ್ದರಿಂದ ಕೊರಳಿನಲ್ಲಿ ಏನೂ ಇರಬಾರದು ಎಂದರು. ಯಜಮಾನರ ಕೊರಳಿನಲ್ಲಿ ಬೆಳ್ಳಿಯ ಕರಡಿಗೆ, ಶಿವದಾರ. ಎಂಟು ವರ್ಷದ ಬಾಲಕನಾಗಿದ್ದಾಗ ದೀಕ್ಷೆಯಾದಂದಿನಿಂದ ಆ ಲಿಂಗ ಅವರ ಮೈಬಿಟ್ಟು ಇಳಿದಿರಲಿಲ್ಲ. ಅವರು ಚಿಕಿತ್ಸೆಯೇ ಬೇಡವೆಂದು ಊರಿಗೆ ಹಿಂತಿರುಗಿಬಿಟ್ಟರು! ಮನೆಯವರು ಅವರನ್ನು ಮಠಕ್ಕೆ ಕರೆತಂದರು.

"ಬುದ್ಧಿ, ಲಿಂಗ ಅಗಲಿ ಬದುಕೋದಕ್ಕಿಂತ ಲಿಂಗ ಸಮೇತ ಹೋಗೋದೇ ಮೇಲಲ್ಲವೇ?" ಎಂದು ಕೇಳಿದರು. ಆಪರೇಷನ್ನಿನ ಕಾರಣ ಮಾತು ತೊದಲುತ್ತಿತ್ತು. ಆದರೆ ಆ ಪ್ರಶ್ನೆ ಎಷ್ಟು ಸ್ಪಷ್ಟ! ಅಂಥ ನಿಷ್ಠೆಯ ಮುಂದೆ ಯಾರಾದರೂ ತಲೆಬಾಗಲೇಬೇಕು.

ನಾವು ಹೇಳಿದ್ದು ಇಷ್ಟು. "ಗೌಡರೇ, ಲಿಂಗವನ್ನು ಧರಿಸುವುದಕ್ಕೆ ಕೊರಳೊಂದೇ ಸ್ಥಾನವೆ? ಶಿರಸ್ಸು, ಎದೆ, ಕಂಕುಳು, ಕೈ, ಇವೂ ಧಾರಣಸ್ಥಾನಗಳೆಂದು ಹಿರಿಯರು ಹೇಳಿಲ್ಲವೆ? ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಬೆಳ್ಳಿ ಕರಡಿಗೆ ಬಿಟ್ಟು, ಲಿಂಗವನ್ನು ಶುದ್ಧವಾದ ವಸ್ತ್ರದಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು ಮಲಗಿ. ಒಪ್ಪದಿದ್ದರೆ ಆ ಕೆಲವು ನಿಮಿಷ ನಿಮ್ಮ ಮನೆಯವರ ಕೈಗೆ ಒಪ್ಪಿಸಿ. ಅದು ಅಗಲಿಕೆಯಲ್ಲ. ಒಂದೇ ಪ್ರಾಣವಾಗಿ ಬಾಳಿದ ಸತಿಪತಿಗಳಲ್ಲಿ ಈ ಕೈಯಿಂದ ಆ ಕೈಗೆ ಬಂದದ್ದು. ಇಷ್ಟಲಿಂಗ ಕೈಯಲ್ಲಿ, ಪ್ರಾಣಲಿಂಗ ಉಸಿರಿನಲ್ಲಿ, ಭಾವಲಿಂಗ ಭಾವದಲ್ಲಿ. ಯಂತ್ರದ ಕೆಳಗೆ ಮಲಗಿದಾಗ ಇವುಗಳಲ್ಲಿ ಎರಡನ್ನು ಯಾವ ವೈದ್ಯನೂ ತೆಗೆಯೆನ್ನಲಾರ. ದೇಹವು ಲಿಂಗದ ಮನೆ. ಮನೆ ಸೋರುವಾಗ ಹೆಂಚು ಕೈಯಾಡಿಸುವುದು ಲಿಂಗಕ್ಕೆ ಮಾಡುವ ಸೇವೆಯೇ."

ಅವರು ಒಪ್ಪಿದರು. ಆಸ್ಪತ್ರೆಯವರು ಅಂಗೈಯಲ್ಲಿ ಹಿಡಿಯಲು ಅನುಮತಿ ಕೊಟ್ಟರೋ ಎಂದರೆ, ಕೆಲವು ದಿನ ಕೊಟ್ಟರು, ಕೆಲವು ದಿನ ಬೇಡವೆಂದರು. ಬೇಡವೆಂದ ದಿನ ಆ ತಾಯಿ ಹೊರಗೆ ಬೆಂಚಿನ ಮೇಲೆ ಕುಳಿತು, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ಯಜಮಾನರು ಹೊರಗೆ ಬರುವವರೆಗೂ ಮಂತ್ರ ಜಪಿಸುತ್ತಿದ್ದರು. ಆ ಓಣಿಯಲ್ಲಿ ಹತ್ತಾರು ಜನ ಓಡಾಡುತ್ತಾರೆ, ಕೂಗುತ್ತಾರೆ, ಅಳುತ್ತಾರೆ. ಆ ತಾಯಿ ಕಣ್ಣು ತೆರೆಯುತ್ತಿರಲಿಲ್ಲ. ನಮ್ಮ ಸೀಮೆಯ ತೋಂಟದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ಕುಳಿತು ಶಿವಯೋಗ ಸಾಧಿಸಿದರು, ಎಡೆಯೂರಿನಲ್ಲಿ ನೆಲೆಯಾದರು ಎಂಬುದನ್ನು ನೀವು ಭಕ್ತಿಯಿಂದ ನೆನೆಯುತ್ತೀರಿ. ಆಸ್ಪತ್ರೆಯ ಬೆಂಚಿನ ಮೇಲೆ ಆ ತಾಯಿ ಮಾಡಿದ್ದು ಶಿವಯೋಗವಲ್ಲ ಎನ್ನುವವರು ಯಾರು?

ಧೈರ್ಯವೆಂಬುದು ಮಾತಿನ ವಸ್ತುವಲ್ಲ, ಅದೊಂದು ಕಾಯಕ. ಮನೆಯವರೆಲ್ಲರೂ ಹಂಚಿಕೊಂಡು ಪ್ರತಿದಿನವೂ ಮಾಡಬೇಕಾದ ಕಾಯಕ. ಆ ಮನೆಯಲ್ಲಿ ಹೇಗೆ ಹಂಚಿಕೊಂಡರು ನೋಡಿ. ತಾಯಿ ಧರ್ಮಶಾಲೆಯಲ್ಲಿ ಯಜಮಾನರ ಜೊತೆಗೆ ನಿಂತರು. ಶಾಲೆಯ ಉಪಾಧ್ಯಾಯಿನಿಯಾದ ಕಿರಿಯ ಮಗಳು ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟು, ವೈದ್ಯರನ್ನು ಕೇಳಬೇಕಾದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಸೊಸೆ ಊರಿನಲ್ಲಿ ದನ ಕರು, ಮಕ್ಕಳು, ಅಡಿಗೆ ಎಲ್ಲ ನೋಡಿಕೊಂಡಳು. ಪಕ್ಕದ ತೋಟದವರು ಸರದಿಯ ಮೇಲೆ ನೀರು ಹಾಯಿಸಿದರು.

ಹಿರಿಯ ಮಗ ಮಾಡಿದ ಕೆಲಸವನ್ನು ಕೇಳಿ. ಅವನು ದಿನವೂ ಸಂಜೆ ತಂದೆಗೆ ಫೋನು ಮಾಡಿ, "ಅಪ್ಪಾಜಿ, ಬಾವಿ ಪಕ್ಕದ ಸಾಲಿಗೆ ನೀರು ಬಿಡಲೋ, ಬೇಡವೋ? ಕಾಯಿ ಕೀಳಿಸಲೋ, ಇನ್ನೊಂದು ವಾರ ಬಿಡಲೋ? ತಿಪಟೂರಿನಲ್ಲಿ ಕೊಬ್ಬರಿ ರೇಟು ಇಷ್ಟಾಗೈತೆ, ಮಾರೋಣವೋ?" ಎಂದು ಕೇಳುತ್ತಿದ್ದ. ತಂದೆ ಸಿಡಿಮಿಡಿಗೊಂಡು, "ಇಷ್ಟೂ ಗೊತ್ತಾಗಲ್ವೇನೋ ನಿಂಗೆ" ಎಂದು ಬೈದು ಹೇಳುತ್ತಿದ್ದರು. ಆ ಮಗನಿಗೆ ಗೊತ್ತಿರಲಿಲ್ಲವೆ? ಎಲ್ಲ ಗೊತ್ತಿತ್ತು. ತಂದೆಯ ಯಜಮಾನಿಕೆ ಹೋಗಬಾರದು ಎಂದು ಕೇಳುತ್ತಿದ್ದ. ಕಾಯಿಲೆ ಬಂದ ಕೂಡಲೇ ತಂದೆಯ ಕೈಯಿಂದ ಬೀರುವಿನ ಬೀಗದ ಕೈಯನ್ನೂ ತೋಟದ ಮಾತನ್ನೂ ಕಿತ್ತುಕೊಂಡು, "ನೀವು ಸುಮ್ನೆ ರೆಸ್ಟ್ ತಗೊಳ್ಳಿ" ಎನ್ನುವ ಮಕ್ಕಳಿದ್ದಾರೆ. ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರೀತಿ ತಂದೆಯನ್ನು ಬದುಕಿರುವಾಗಲೇ ಲೆಕ್ಕದಿಂದ ತೆಗೆದುಹಾಕುತ್ತದೆ. ರೋಗಿಗೆ ಹತ್ತು ಸಲ ಧೈರ್ಯ ಹೇಳುವುದಕ್ಕಿಂತ ಒಂದು ಸಲ ಅಪ್ಪಣೆ ಕೇಳುವುದು ಮೇಲು.

ನಾಲ್ಕನೆಯ ವಾರಕ್ಕೆ ಅವರ ಬಾಯಿಯೆಲ್ಲ ಹುಣ್ಣಾಯಿತು. ಜೊಲ್ಲು ಅಂಟಾಯಿತು, ನಾಲಿಗೆಗೆ ರುಚಿ ಹೋಯಿತು, ಕೊರಳಿನ ಚರ್ಮ ಕಪ್ಪಾಗಿ ಸುಲಿಯಿತು. ರಾಗಿ ಗಂಜಿ ಕೂಡ ಕೆಂಡದಂತೆ ಉರಿಯುತ್ತಿತ್ತು. ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡಬೇಕಾಯಿತು. ಆಗ ಅವರು, "ಸಾಕು, ಇಪ್ಪತ್ತು ಆಗೈತೆ, ಉಳಿದ ಹತ್ತು ಬೇಡ, ಊರಿಗೆ ಹೋಗೋಣ" ಎಂದರು. ಈ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಉಳಿದ ರೋಗದ ಕಣಗಳು ಮತ್ತೆ ಬೆಳೆಯುತ್ತವೆ. ಎಷ್ಟೋ ಜನ ಈ ನಾಲ್ಕನೆಯ ವಾರದಲ್ಲಿಯೇ ಸೋತು ಊರಿಗೆ ಬಂದುಬಿಡುತ್ತಾರೆ.

ಕಿರಿಯ ಮಗಳು ತಂದೆಯ ಹತ್ತಿರ ಕೂತಳು. ಧೈರ್ಯವಾಗಿರಿ ಎನ್ನಲಿಲ್ಲ. "ಅಪ್ಪಾಜಿ, ಉಂಡೆ ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿನ ಎಂಟನೇ ತಿಂಗಳಿಗೆ ಒಡೆದ್ರೆ ಏನಾಗುತ್ತೆ?" ಎಂದು ಕೇಳಿದಳು. ತಂದೆ ತಲೆಯಾಡಿಸಿ ಕೈಸನ್ನೆಯಲ್ಲೇ, ಹಸಿ ಇರುತ್ತೆ, ಕೆಡುತ್ತೆ ಎಂದರು. "ಯಾವಾಗ ಒಡೀಬೇಕು?" ಅವರು ಕಾಯಿ ಅಲ್ಲಾಡಿಸುವಂತೆ ಕೈ ಆಡಿಸಿ ತೋರಿಸಿದರು. ಹತ್ತು ಹನ್ನೊಂದು ತಿಂಗಳಾಗಿ, ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎನ್ನಬೇಕು. "ಹಂಗಾದ್ರೆ ಇದೂ ಹಂಗೇ ಅಪ್ಪಾಜಿ. ಡಾಕ್ಟ್ರು ಮೂವತ್ತು ಅಂದವ್ರೆ. ಇಪ್ಪತ್ತಕ್ಕೆ ಒಡೆಯೋದು ಬೇಡ" ಎಂದಳು. ಅವರು ಬಹಳ ಹೊತ್ತು ಸುಮ್ಮನಿದ್ದು ಮಾರನೆಯ ದಿನ ತಾವೇ ಎದ್ದು ಹೊರಟರು. ಮೂವತ್ತನ್ನೂ ಮುಗಿಸಿದರು.

ಅದಾಗಿ ನಾಲ್ಕು ವರ್ಷವಾಯಿತು. ಕೆನ್ನೆ ಒಂದು ಕಡೆ ಕುಗ್ಗಿದೆ, ಮಾತು ಸ್ವಲ್ಪ ತೊದಲುತ್ತದೆ, ಮುದ್ದೆಯನ್ನು ಮೆತ್ತಗೆ ಮಾಡಿಕೊಡಬೇಕು. ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಪರೀಕ್ಷೆಗೆ ಹೋಗಿಬರುತ್ತಾರೆ. ತೋಟದಲ್ಲಿ ಮಗನನ್ನು ಬೈಯುವುದನ್ನೂ ತಪ್ಪಿಸಿಲ್ಲ.

ಶರಣಬಂಧುಗಳೇ, ಇಷ್ಟಕ್ಕೇ ನಿಲ್ಲಿಸಿದರೆ ನೀವು ತಪ್ಪು ತಿಳಿಯುವ ಸಂಭವವುಂಟು. ಧೈರ್ಯವಿದ್ದರೆ ಕ್ಯಾನ್ಸರ್ ವಾಸಿಯಾಗುತ್ತದೆ, ವಾಸಿಯಾಗದಿದ್ದರೆ ಅವರಲ್ಲಿ ಧೈರ್ಯವಿರಲಿಲ್ಲ ಎಂದುಕೊಳ್ಳಬಹುದು. ಅದು ದೊಡ್ಡ ಅನ್ಯಾಯದ ಮಾತು. ತಿಪಟೂರಿನ ಹತ್ತಿರ ಇನ್ನೊಂದು ಮನೆ. ಅಲ್ಲಿಯೂ ತಂದೆಗೆ ಕ್ಯಾನ್ಸರ್, ಹೊಟ್ಟೆಯದು. ತಿಳಿಯುವ ಹೊತ್ತಿಗೆ ಬಹಳ ಹಬ್ಬಿತ್ತು. ವಾಸಿ ಮಾಡಲು ಆಗದು, ನೋವಿಲ್ಲದಂತೆ ನೋಡಿಕೊಳ್ಳಬಹುದು ಎಂದು ವೈದ್ಯರು ತಿಳಿಸಿ ಹೇಳಿದರು. ಆ ಮನೆಗೆ ಬಂದ ನೆಂಟನೊಬ್ಬ, "ನೀವು ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲ ಸರಿಹೋಗುತ್ತೆ, ನೀವೇ ಕೈಬಿಟ್ಟಿದ್ದೀರಿ" ಎಂದು ರೋಗಿಯ ಮುಖಕ್ಕೇ ಹೇಳಿಹೋದ. ಆ ಯಜಮಾನರು ನಮ್ಮೆದುರು ಕಣ್ಣೀರು ತಂದು, "ಬುದ್ಧಿ, ಸಾಯೋದೂ ನನ್ನ ತಪ್ಪೇನು?" ಎಂದರು. ಆ ಮಾತು ಈಗಲೂ ನಮ್ಮ ಕಿವಿಯಲ್ಲಿದೆ.

ತಪ್ಪಲ್ಲಪ್ಪ. ಮನಸ್ಸಿನ ಬಲದಿಂದ ಚಿಕಿತ್ಸೆಯನ್ನು ತಾಳಿಕೊಳ್ಳಬಹುದು, ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬಹುದು, ಇರುವ ದಿನವನ್ನು ದಿನವಾಗಿ ಬಾಳಬಹುದು. ಅಷ್ಟು ಸಾಲದೆ? ರೋಗ ಗೆಲ್ಲುವುದೂ ಸೋಲುವುದೂ ಅದು ಎಲ್ಲಿ ಬಂದಿದೆ, ಎಷ್ಟು ಹಬ್ಬಿದೆ, ಯಾವಾಗ ಸಿಕ್ಕಿದೆ ಎಂಬುದರ ಮೇಲೂ ನಿಂತಿದೆ. ಹೋದವರು ಧೈರ್ಯಗೇಡಿಗಳಲ್ಲ.

ಆ ಮನೆಯ ಮಕ್ಕಳು ಆಮೇಲೆ ತಂದೆಯನ್ನು ಊರೂರು ಅಲೆಸುವುದನ್ನು ನಿಲ್ಲಿಸಿದರು. ವೈದ್ಯರು ಮಾರ್ಫಿನ್ ಎಂಬ ನೋವಿನ ಔಷಧಿ ಬರೆದಾಗ, ಚಟ ಹತ್ತೀತೆಂದು ಮೊದಲು ಹೆದರಿದರು. ಅಂಥ ನೋವಿನಲ್ಲಿ ವೈದ್ಯರ ಮಾತಿನಂತೆ ಕೊಟ್ಟರೆ ಅದು ದೋಷವಲ್ಲ, ದಯೆ. ನೋವು ತಗ್ಗಿದ ಮೇಲೆ ಆ ಯಜಮಾನರು ಬೆಳಿಗ್ಗೆ ಎದ್ದು ದಿಂಬಿಗೊರಗಿ ಲಿಂಗಪೂಜೆ ಮಾಡಿಕೊಳ್ಳುವಂತಾದರು. ಆಳುಗಳ ಲೆಕ್ಕವನ್ನೆಲ್ಲ ತೀರಿಸಿದರು. ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿ ಮಾತಾಡಿಸಿದರು. ಮನೆಯವರ ನಡುವೆ, ತಮ್ಮ ಹಾಸಿಗೆಯಲ್ಲಿ, ಲಿಂಗೈಕ್ಯರಾದರು. ಮೊದಲ ಮನೆಯಲ್ಲಿ ಇದ್ದಷ್ಟೇ ಧೈರ್ಯ ಈ ಮನೆಯಲ್ಲಿಯೂ ಇತ್ತು. ಅಲ್ಲಿ ಅದು ಮೂವತ್ತು ದಿನ ಎಣಿಸಿತು, ಇಲ್ಲಿ ಕೈಹಿಡಿದು ಕುಳಿತಿತು.

ಭಕ್ತರು ಮಠಕ್ಕೆ ಬಂದು ಭಸ್ಮ ಕೊಡಿ, ಕಾಯಿಲೆ ವಾಸಿಯಾಗಲಿ ಎನ್ನುತ್ತೀರಿ. ಭಸ್ಮ ಕೊಡುತ್ತೇವೆ. ಅದು ನಿಮ್ಮ ಹಣೆಗೆ, ನಿಮ್ಮ ಮನಸ್ಸಿಗೆ. ಹುಣ್ಣಿಗೆ ವೈದ್ಯರೇ ಬೇಕು. ರೇಡಿಯೇಷನ್ ಆದ ಚರ್ಮಕ್ಕಂತೂ ವೈದ್ಯರು ಹೇಳದೆ ವಿಭೂತಿಯನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚಬೇಡಿ. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳಿಗಿಂತ ದೊಡ್ಡ ಶಿವಯೋಗಿಗಳನ್ನು ನಮ್ಮ ಕಾಲ ಕಂಡಿದೆಯೆ? ನೂರು ವರ್ಷ ದಾಟಿದ ಆ ಪೂಜ್ಯರೂ 2018ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆಗಾಗಿ ಚೆನ್ನೈಗೆ ಹೋದರು. 2019ರ ಜನವರಿ 21ರಂದು ಲಿಂಗೈಕ್ಯರಾದರು. ವೈದ್ಯರ ಕೈಯನ್ನು ಶಿವನ ಕೈಗೆ ವಿರೋಧವೆಂದು ಅವರು ಎಣಿಸಲಿಲ್ಲ. ನೀವು ಏಕೆ ಎಣಿಸುತ್ತೀರಿ?

ಅಕ್ಕಪಕ್ಕದವರಿಗೊಂದು ಮಾತು. ರೋಗಿಯ ಮನೆಗೆ ಗುಂಪಾಗಿ ಹೋಗಿ, "ನಮ್ಮ ಸೋದರಮಾವನೂ ಇದರಲ್ಲೇ ಹೋದ್ರು" ಎಂಬ ಕಥೆ ಹೇಳಿ ಕಾಫಿ ಕುಡಿದು ಬರಬೇಡಿ. ಆ ಮನೆಯ ದನಕ್ಕೆ ಒಂದು ಹೊರೆ ಹುಲ್ಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಒಂದು ಹೊತ್ತಿನ ಅಡಿಗೆ ಕೊಟ್ಟುಬನ್ನಿ. ಅದು ದಾಸೋಹ. ರೋಗಿಯನ್ನು ನೋಡಿಕೊಳ್ಳುವ ಆ ತಾಯಿ ಉಂಡರೇ, ಮಲಗಿದರೇ ಎಂದು ಕೇಳುವವರು ಯಾರೂ ಇರುವುದಿಲ್ಲ. ಆಕೆಯನ್ನು ಒಂದು ದಿನ ಮನೆಗೆ ಕಳಿಸಿ ನೀವು ಆಸ್ಪತ್ರೆಯಲ್ಲಿ ಕೂತುಕೊಳ್ಳಿ. ಆಕೆ ಅಳುವುದಾದರೆ ಅಳಲು ಬಿಡಿ. ಕಣ್ಣೀರು ಧೈರ್ಯಕ್ಕೆ ಶತ್ರುವಲ್ಲ.

ಕೊನೆಯದಾಗಿ, ನಿಮಗೆ ರುಚಿಸದ ಒಂದು ಮಾತನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಸೇರಿದ ಎಲೆಯಡಿಕೆ ಕ್ಯಾನ್ಸರ್ ತರುತ್ತದೆಂದು 1985ರಲ್ಲಿಯೇ ಹೇಳಿತು. 2004ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಬರಿಯ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ನಿಮ್ಮಲ್ಲಿ ಅನೇಕರು ಅಡಿಕೆ ಬೆಳೆಯುವವರು, ಈ ಮಾತು ಕಹಿ ಎಂದು ನಮಗೆ ಗೊತ್ತು. ಕಹಿಯೆಂದು ಮುಚ್ಚಿಟ್ಟರೆ ನಾವು ಗುರುಸ್ಥಾನದಲ್ಲಿ ಕೂರಲು ಯೋಗ್ಯರಲ್ಲ. ಗುಟ್ಕಾ ಮಾರಾಟವನ್ನು ಸರ್ಕಾರ 2013ರಲ್ಲಿ ನಿಷೇಧಿಸಿದರೂ ಎರಡು ಚೀಟಿ ಬೇರೆಬೇರೆ ಕೊಂಡು ಬೆರೆಸಿ ಬಾಯಿಗೆ ಹಾಕುವ ಹುಡುಗರನ್ನು ಬಸ್‌ಸ್ಟಾಂಡಿನಲ್ಲಿ ನೋಡುತ್ತೇವೆ. ಬಾಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಕೊರಳಲ್ಲಿ ಗಂಟು ಕಂಡರೆ ಆ ವಾರವೇ ವೈದ್ಯರಿಗೆ ತೋರಿಸಿ. ಬೇಗ ಸಿಕ್ಕ ಬಾಯಿಯ ಕ್ಯಾನ್ಸರ್ ವಾಸಿಯಾಗುವ ಸಂಭವ ಬಹಳ ಹೆಚ್ಚು. ತಾಯಂದಿರೇ, ಯಜಮಾನರು ಕೇಳದಿದ್ದರೆ ಜಗಳವಾಡಿ ಕರೆದುಕೊಂಡು ಹೋಗಿ. ಅಂಥ ಜಗಳಕ್ಕೆ ನಮ್ಮ ಆಶೀರ್ವಾದವಿದೆ.

ಈಗ ಕಾಯಿಲೆಯಿರುವ ಮನೆಗಳವರು ಈ ಸಭೆಯಲ್ಲಿದ್ದೀರಿ. ನಿಮ್ಮ ಮುಂದೆ ಇರುವ ಇಡೀ ವರ್ಷವನ್ನು ಈ ಹೊತ್ತೇ ಹೊರಬೇಡಿ. ನಾಳೆ ಬೆಳಿಗ್ಗೆ ಮಾಡಬೇಕಾದ ಒಂದು ಕೆಲಸ ಯಾವುದೋ ಅದನ್ನು ನೋಡಿ. ಗಂಜಿ ಕಾಯಿಸುವುದೋ, ರೈಲಿಗೆ ಹೊರಡುವುದೋ, ರಕ್ತ ಪರೀಕ್ಷೆಯ ಕಾಗದ ತರುವುದೋ, ಅಪ್ಪನ ಕಾಲೊತ್ತುವುದೋ. ಅದನ್ನು ಶಿವಪೂಜೆಯೆಂದು ತಿಳಿದು ಮಾಡಿ. ನಾಡಿದ್ದಿನದನ್ನು ನಾಡಿದ್ದು ನೋಡೋಣ.

ಬಸವಾದಿ ಪ್ರಮಥರ ಕೃಪೆ ಆ ಮನೆಗಳ ಮೇಲೆ ಇರಲಿ, ಚಿಕಿತ್ಸೆ ಮಾಡುವ ವೈದ್ಯರ ಕೈಗೆ ಶಕ್ತಿ ಬರಲಿ, ನೋಡಿಕೊಳ್ಳುವ ತಾಯಂದಿರ ಕಣ್ಣಿಗೆ ನಿದ್ದೆ ಬರಲಿ, ಎಲ್ಲರಿಗೂ ಸನ್ಮಂಗಲವಾಗಲಿ ಎಂದು ಹಾರೈಸಿ ನಮ್ಮ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.